ಕಳಚಿಟ್ಟ ಡಿಸ್ಕು

ಒಂದು ಕಾಲಕ್ಕೆ ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿದ್ದ ಸುಬ್ರಹ್ಮಣ್ಯಪುರ ಈಗ ದಕ್ಷಿಣ ಬೆಂಗಳೂರಿನ ಬಡಾವಣೆಗಳ ನಡುವೆ ಸೇರಿಹೋಗಿದೆ. ಇಂಥ ಬಡಾವಣೆಗಳ ಮುಖ್ಯರಸ್ತೆಗಳಲ್ಲಿ ಜೆರಾಕ್ಸ್, ಡಿಟಿಪಿ, ಫೋಟೊ ಸ್ಟುಡಿಯೊ, ಅಕೌಂಟ್ಸ್ ಬರೆದುಕೊಡುವ ಕಚೇರಿ ಒಂದರ ಪಕ್ಕ ಒಂದು ಇರುತ್ತವೆ. ಎಷ್ಟೋ ಕಡೆ ಈ ನಾಲ್ಕೂ ಕೆಲಸ ಒಂದೇ ಮಳಿಗೆಯಲ್ಲಿ, ಒಂದೇ ಕುಟುಂಬದವರ ಕೈಯಲ್ಲಿ ನಡೆಯುತ್ತವೆ. ಅಂಥದೊಂದು ಮಳಿಗೆಯನ್ನು ಊಹಿಸಿಕೊಳ್ಳೋಣ. ಹತ್ತಡಿ ಅಗಲದ ಜಾಗ, ಎರಡು ಕಂಪ್ಯೂಟರ್. ಒಂದರಲ್ಲಿ ಮೂವತ್ತು ವರ್ತಕರ ಲೆಕ್ಕ ಟ್ಯಾಲಿ ಎಂಬ ತಂತ್ರಾಂಶದಲ್ಲಿ ಕೂತಿದೆ. ಇನ್ನೊಂದರಲ್ಲಿ ಮದುವೆಯ ಕರೆಯೋಲೆಗಳು, ಶಾಲೆಗಳ ಸ್ಮರಣ ಸಂಚಿಕೆಗಳು, ಹತ್ತು ವರ್ಷಗಳಿಂದ ತೆಗೆದ ಮದುವೆ ಮುಂಜಿಗಳ ಫೋಟೊಗಳು.

ಈ ಮಳಿಗೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಇವತ್ತು ಕೆಟ್ಟರೆ ನಾಳೆ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ ಹೊಸದು ತರಬಹುದು. ಅದರೊಳಗಿದ್ದ ಲೆಕ್ಕ ಮತ್ತು ಫೋಟೊ ಯಾವ ರಸ್ತೆಯಲ್ಲೂ ಸಿಗುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೂ ಹೆಚ್ಚಿನ ಮನೆ, ಮಳಿಗೆಗಳಲ್ಲಿ ಬ್ಯಾಕಪ್ ಎಂದರೆ ನೆನಪಾದಾಗ ಒಂದು ಪೆನ್ ಡ್ರೈವ್‌ಗೆ ನಾಲ್ಕು ಫೋಲ್ಡರ್ ಹಾಕಿಕೊಳ್ಳುವುದು. ಸಾಮಾನು ಕೊಂಡ ಮಾತ್ರಕ್ಕೆ ಬ್ಯಾಕಪ್ ಆಗುವುದಿಲ್ಲ. ಯಾವ ದಿನ ಏನನ್ನು ಎಲ್ಲಿಗೆ ನಕಲು ಮಾಡಬೇಕು, ಆಮೇಲೆ ಆ ಡಿಸ್ಕನ್ನು ಕಳಚಿ ಎಲ್ಲಿಡಬೇಕು ಎಂಬ ವಾಡಿಕೆ ಬೇಕು. ಆ ವಾಡಿಕೆಯ ಹಿಂದಿನ ವಿಜ್ಞಾನವೇ ಈ ಅಧ್ಯಾಯದ ವಸ್ತು.

ಯೋಜನೆಯನ್ನು ಡಿಸ್ಕಿನಿಂದ ಆರಂಭಿಸಬಾರದು, ನಷ್ಟದಿಂದ ಆರಂಭಿಸಬೇಕು. ಎಷ್ಟು ಹೊತ್ತಿನ ಕೆಲಸ ಕಳೆದುಹೋದರೆ ನಾವು ತಡೆದುಕೊಳ್ಳಬಲ್ಲೆವು? ಮತ್ತೆ ಕೆಲಸ ಶುರುವಾಗಲು ಎಷ್ಟು ಹೊತ್ತು ಕಾಯಬಲ್ಲೆವು? ಈ ಎರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡರೆ ಅರ್ಧ ಯೋಜನೆ ಮುಗಿದ ಹಾಗೆ. ಫೋಟೊಗಳ ವಿಷಯದಲ್ಲಿ ಒಂದು ವಾರ ಕಾಯಬಹುದು, ಆದರೆ ಒಂದು ಮದುವೆಯ ಫೋಟೊ ಕೂಡ ಕಳೆದುಹೋಗುವಂತಿಲ್ಲ. ಲೆಕ್ಕದ ವಿಷಯ ಬೇರೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವ ವರ್ತಕರ ಮಾರಾಟದ ವಿವರ 11ನೇ ತಾರೀಖಿನೊಳಗೆ, ತೆರಿಗೆಯ ರಿಟರ್ನ್ 20ರೊಳಗೆ ಜಿಎಸ್‌ಟಿ ಪೋರ್ಟಲ್‌ಗೆ ಹೋಗಬೇಕು. 19ರ ಸಂಜೆ ಡಿಸ್ಕ್ ಕೈಕೊಟ್ಟರೆ ಮೂವತ್ತು ಮಂದಿಗೆ ತಡಶುಲ್ಕ ಬೀಳುತ್ತದೆ. ಹಾಗಾಗಿ ಲೆಕ್ಕಕ್ಕೆ ಒಂದು ದಿನಕ್ಕಿಂತ ಹೆಚ್ಚಿನ ನಷ್ಟ ಸಲ್ಲದು.

ಕಾನೂನು ಕೂಡ ಇಲ್ಲಿ ಎರಡು ಅಳತೆಗಳನ್ನು ಕೊಟ್ಟಿದೆ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನಾಂಕದಿಂದ 72 ತಿಂಗಳು ಉಳಿಸಿಕೊಳ್ಳಬೇಕು. ಕಂಪನಿಯಾಗಿ ನೋಂದಾಯಿಸಿಕೊಂಡವರು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಪ್ರತಿದಿನವೂ ಭಾರತದೊಳಗಿನ ಸರ್ವರ್‌ನಲ್ಲಿ ಇಡಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಯಿತು. ಅದಕ್ಕೆ ಮುಂಚೆ ಕಾಲಕಾಲಕ್ಕೆ ಎಂದಷ್ಟೇ ಇತ್ತು. ಮೊದಲನೆಯದು ಒಂದು ಪ್ರತಿ ಎಷ್ಟು ವರ್ಷ ಬಾಳಬೇಕು ಎಂಬುದನ್ನು ಹೇಳುತ್ತದೆ, ಎರಡನೆಯದು ಎಷ್ಟು ಬೇಗ ಬೇಗ ಪ್ರತಿ ಮಾಡಬೇಕು ಎಂಬುದನ್ನು. ಬ್ಯಾಕಪ್ ಯೋಜನೆಯ ಉದ್ದ ಅಗಲ ಇವೆರಡೇ.

ಹಾರ್ಡ್ ಡಿಸ್ಕ್ ಕೆಡುವುದು ಎಷ್ಟು ಸಾಮಾನ್ಯ? ಲಕ್ಷಾಂತರ ಡಿಸ್ಕ್‌ಗಳನ್ನು ಹಗಲೂ ರಾತ್ರಿ ಓಡಿಸುವ ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ ತನ್ನ ಅಂಕಿಅಂಶಗಳನ್ನು ವರ್ಷವರ್ಷವೂ ಪ್ರಕಟಿಸುತ್ತದೆ. ಅದರ ಪ್ರಕಾರ ಸರಾಸರಿಯಲ್ಲಿ ವರ್ಷಕ್ಕೆ ನೂರಕ್ಕೆ ಒಂದೆರಡು ಡಿಸ್ಕ್ ಸಾಯುತ್ತವೆ. ಎರಡು ಎಂದೇ ಇಟ್ಟುಕೊಳ್ಳಿ. ಅಂದರೆ ಐವತ್ತರಲ್ಲಿ ಒಂದು. ಅದೇ ಕಡತ ಎರಡು ಡಿಸ್ಕ್‌ಗಳಲ್ಲಿದ್ದರೆ ಎರಡೂ ಒಂದೇ ವರ್ಷ ಸಾಯುವ ಸಂಭವ ಐವತ್ತನ್ನು ಐವತ್ತರಿಂದ ಗುಣಿಸಿದಷ್ಟು, ಅಂದರೆ 2,500ರಲ್ಲಿ ಒಂದು. ಮೂರು ಡಿಸ್ಕ್ ಆದರೆ 1,25,000ದಲ್ಲಿ ಒಂದು. ಒಂದೊಂದು ಪ್ರತಿ ಹೆಚ್ಚಿದಾಗಲೂ ಅಪಾಯ ಐವತ್ತು ಪಟ್ಟು ಇಳಿಯುತ್ತದೆ.

ಆದರೆ ಈ ಗುಣಾಕಾರಕ್ಕೆ ಒಂದು ಷರತ್ತಿದೆ, ಅದನ್ನು ಮರೆತವರೇ ಹೆಚ್ಚು. ಒಂದು ಡಿಸ್ಕಿನ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧ ಇರಬಾರದು. ಎರಡು ಡಿಸ್ಕ್ ಒಂದೇ ಮೇಜಿನ ಮೇಲಿದ್ದು, ಒಂದೇ ಪ್ಲಗ್ ಬೋರ್ಡಿಗೆ ಸಿಕ್ಕಿಸಿದ್ದರೆ, ಮಳೆಗಾಲದ ಒಂದು ಸಿಡಿಲಿಗೆ ಎರಡೂ ಸುಡಬಹುದು. ಒಂದೇ ದಿನ ಕೊಂಡ, ಒಂದೇ ಕಾರ್ಖಾನೆಯಲ್ಲಿ ಒಂದೇ ವಾರ ತಯಾರಾದ ಡಿಸ್ಕ್‌ಗಳಲ್ಲಿ ಒಂದೇ ದೋಷ ಇರಬಹುದು. ನೀರಂತೂ ಎಲ್ಲವನ್ನೂ ಒಟ್ಟಿಗೆ ತೋಯಿಸುತ್ತದೆ. 2019ರ ನವೆಂಬರ್ 24ರಂದು ಹುಳಿಮಾವು ಕೆರೆಯ ಏರಿ ಒಡೆದು ಸುತ್ತಲಿನ ಬಡಾವಣೆಗಳ ಮನೆಗಳಿಗೆ ನೀರು ನುಗ್ಗಿತು. 2020ರ ಅಕ್ಟೋಬರ್ 23ರ ಮಳೆಗೆ ಹೊಸಕೆರೆಹಳ್ಳಿಯ ಮನೆಗಳು ಮುಳುಗಿದವು. ಸುಬ್ರಹ್ಮಣ್ಯಪುರದವರಿಗೆ ಎರಡೂ ಆಟೋದಲ್ಲಿ ಹೋಗಿಬರುವಷ್ಟು ಹತ್ತಿರ. ನೆಲಮಟ್ಟದ ಮಳಿಗೆಯಲ್ಲಿ ಕಂಪ್ಯೂಟರ್ ಕೆಳಗೆ, ಬ್ಯಾಕಪ್ ಡಿಸ್ಕ್ ಅದರ ಪಕ್ಕದ ಡ್ರಾಯರ್‌ನಲ್ಲಿ ಇದ್ದರೆ 2,500ರಲ್ಲಿ ಒಂದು ಎಂಬ ಲೆಕ್ಕ ಮತ್ತೆ ಐವತ್ತರಲ್ಲಿ ಒಂದಕ್ಕೆ, ಅದಕ್ಕಿಂತಲೂ ಕೆಟ್ಟದ್ದಕ್ಕೆ ಇಳಿಯುತ್ತದೆ.

ಪ್ರತಿಗಳು ಬೇರೆ ಬೇರೆ ಊರಿನಲ್ಲಿರಬೇಕು ಎಂಬ ತಿಳಿವಳಿಕೆ ಕನ್ನಡನಾಡಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ತಾಳೆಗರಿ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅದನ್ನು ನಾವು ಶಾಸ್ತ್ರದಾನ ಎಂದು ಕೊಂಡಾಡುತ್ತೇವೆ, ಸರಿಯೇ. ಅದರ ಜೊತೆಗೆ ಅದೊಂದು ರಕ್ಷಣಾ ತಂತ್ರವೂ ಹೌದು: ಸಾವಿರ ಪ್ರತಿ ಸಾವಿರ ಮನೆ, ಬಸದಿಗಳಿಗೆ ಹೋದಾಗ ಒಂದು ಬೆಂಕಿಗೆ, ಒಂದು ಗೆದ್ದಲಿಗೆ ಗ್ರಂಥ ನಾಶವಾಗುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ಕಥೆ ಮೂಡಬಿದಿರೆಯದು. ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಮೂಡಬಿದಿರೆಯ ಬಸದಿಯಲ್ಲಿ ಮಾತ್ರ ಉಳಿದಿತ್ತು. ಶತಮಾನಗಳ ಕಾಲ ಜೈನರ ಒಂದು ಮೂಲಗ್ರಂಥದ ಅಸ್ತಿತ್ವ ಒಂದೇ ಕಟ್ಟಡದ ಮಾಡಿನ ಮೇಲೆ, ಕರಾವಳಿಯ ಮಳೆಯ ಕೆಳಗೆ ನಿಂತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಶುರುವಾದ ಪ್ರತಿ ಮಾಡುವ ಕೆಲಸ ದಶಕಗಳ ಕಾಲ ನಡೆಯಿತು. ಹೀರಾಲಾಲ್ ಜೈನ್ ಸಂಪಾದಿಸಿದ ಮೊದಲ ಮುದ್ರಿತ ಸಂಪುಟ 1939ರಲ್ಲಿ ಹೊರಬಂತು. ಗ್ರಂಥ ಉಳಿಯಿತು. ಆದರೆ ಒಂದೇ ಜಾಗದಲ್ಲಿ ಉಳಿದದ್ದನ್ನು ಕಾಯುವುದಕ್ಕೆ ಎಷ್ಟು ತಲೆಮಾರುಗಳ ಎಚ್ಚರ ಬೇಕಾಯಿತು ಎಂಬುದನ್ನು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ.

ನಮ್ಮ ಕಾಲದಲ್ಲಿ ಈ ತಿಳಿವಳಿಕೆಗೆ ಸಂಖ್ಯೆಯ ರೂಪ ಕೊಟ್ಟವರು ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ. ಡಿಜಿಟಲ್ ಫೋಟೊಗಳನ್ನು ಕಾಪಾಡುವ ಬಗ್ಗೆ ಬರೆಯುತ್ತ ಅವರು 3-2-1 ಎಂಬ ಸೂತ್ರ ಹೇಳಿದರು. ಯಾವುದೇ ಮುಖ್ಯ ಕಡತದ ಮೂರು ಪ್ರತಿ ಇರಲಿ, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಲಿ, ಒಂದು ಪ್ರತಿ ಬೇರೆ ಜಾಗದಲ್ಲಿರಲಿ. ಮೇಲಿನ ಗುಣಾಕಾರದ ಷರತ್ತನ್ನು ಪಾಲಿಸುವ ಸುಲಭ ದಾರಿ ಇದು.

ಎರಡು ಬಗೆಯ ಮಾಧ್ಯಮ ಏಕೆ? ಒಂದೊಂದೂ ಸಾಯುವ ರೀತಿ ಬೇರೆ. ಹಾರ್ಡ್ ಡಿಸ್ಕ್‌ನೊಳಗೆ ಕಾಂತೀಯ ಲೇಪನವಿರುವ ತಟ್ಟೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಓದುವ ತಲೆ ಆ ತಟ್ಟೆಯನ್ನು ಮುಟ್ಟುವುದಿಲ್ಲ, ಕೆಲವೇ ನ್ಯಾನೊಮೀಟರ್ ಮೇಲೆ ಗಾಳಿಯ ಪದರದ ಮೇಲೆ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು ಎಪ್ಪತ್ತು, ಎಂಬತ್ತು ಸಾವಿರ ನ್ಯಾನೊಮೀಟರ್. ಓಡುತ್ತಿರುವಾಗ ಡಿಸ್ಕ್ ಮೇಜಿನಿಂದ ಬಿದ್ದರೆ ತಲೆ ತಟ್ಟೆಗೆ ಬಡಿದು ಲೇಪನ ಕಿತ್ತುಬರುತ್ತದೆ. ಟಕ್ ಟಕ್ ಎಂಬ ಸದ್ದು ಕೇಳಿದರೆ ಆ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಬೇಡಿ, ಪ್ರತಿ ಸಲವೂ ಗಾಯ ದೊಡ್ಡದಾಗುತ್ತದೆ. ಎಸ್‌ಎಸ್‌ಡಿ ಮತ್ತು ಪೆನ್ ಡ್ರೈವ್‌ಗಳಲ್ಲಿ ತಿರುಗುವ ಭಾಗವೇ ಇಲ್ಲ. ಅಲ್ಲಿ ಮಾಹಿತಿ ಎಂದರೆ ಸಣ್ಣ ಕೋಶಗಳಲ್ಲಿ ಸೆರೆಯಾದ ಎಲೆಕ್ಟ್ರಾನ್‌ಗಳು. ಬಿದ್ದರೂ ಅವುಗಳಿಗೆ ಸಾಮಾನ್ಯವಾಗಿ ಏನೂ ಆಗದು. ಆದರೆ ವಿದ್ಯುತ್ ಇಲ್ಲದೆ ಬಹುಕಾಲ ಬಿಟ್ಟರೆ ಎಲೆಕ್ಟ್ರಾನ್‌ಗಳು ಸೋರಿಹೋಗುತ್ತವೆ, ಬಿಸಿಯಲ್ಲಿ ಇನ್ನೂ ಬೇಗ. ಮನೆ ಬಳಕೆಯ ಎಸ್‌ಎಸ್‌ಡಿಗಳಿಗೆ ಉದ್ಯಮದ ಮಾನದಂಡ ಕೇಳುವುದು ಇಷ್ಟೇ: ಬರೆಯುವ ಆಯುಷ್ಯ ಮುಗಿದ ಮೇಲೆ 30 ಡಿಗ್ರಿಯಲ್ಲಿ ಕರೆಂಟ್ ಇಲ್ಲದೆ ಒಂದು ವರ್ಷ ಮಾಹಿತಿ ಉಳಿಯಬೇಕು. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುತ್ತದೆ, ನಿಜ. ಆದರೂ ಆರು ವರ್ಷ ಬೀರುವಿನಲ್ಲಿ ಮರೆತಿಡುವುದಕ್ಕೆ ಅದು ತಕ್ಕದ್ದಲ್ಲ. ಪೆನ್ ಡ್ರೈವ್ ಮಾಹಿತಿಯನ್ನು ಒಯ್ಯುವುದಕ್ಕೆ ಒಳ್ಳೆಯದು, ಇಟ್ಟುಕೊಳ್ಳುವುದಕ್ಕೆ ಅಲ್ಲ.

ಇನ್ನು ಸಿಡಿ, ಡಿವಿಡಿ, ಬ್ಲೂರೇ. ಇವು ಹಳೆಯ ಕಾಲದವು ಎಂದು ಬಹಳ ಮಂದಿ ಬಿಸಾಡಿದ್ದಾರೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅವುಗಳ ಡ್ರೈವ್ ಕೂಡ ಬರುವುದಿಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಬೇರೆಯಾಗಿ ಕೊಳ್ಳಬೇಕು. ಆದರೆ ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕಿಗೆ ಒಂದು ಗುಣವಿದೆ, ಅದು ಹಾರ್ಡ್ ಡಿಸ್ಕಿಗಾಗಲಿ ಪೆನ್ ಡ್ರೈವ್‌ಗಾಗಲಿ ಇಲ್ಲ. ಬರೆದು ಮುಗಿಸಿದ ಮೇಲೆ ಯಾವ ವೈರಸ್ಸೂ, ಯಾವ ಅವಸರದ ಕೈಯೂ ಅದರ ಮೇಲಿನದನ್ನು ಬದಲಿಸಲಾರದು. 72 ತಿಂಗಳು ಬಾಳಬೇಕಾದ ಲೆಕ್ಕಕ್ಕೆ ಈ ಗುಣ ಬಹಳ ಮುಖ್ಯ.

ಬರೆಯುವ ಸಿಡಿಯೊಳಗೆ ಪಾಲಿಕಾರ್ಬನೇಟ್ ತಟ್ಟೆಯ ಮೇಲೆ ಒಂದು ಬಣ್ಣದ ಪದರ, ಅದರ ಮೇಲೆ ಬೆಳಕನ್ನು ಪ್ರತಿಫಲಿಸುವ ಲೋಹದ ತೆಳು ಪದರ, ಅದರ ಮೇಲೆ ಮೆರುಗೆಣ್ಣೆಯಂಥ ಒಂದು ಲೇಪ. ಬರೆಯುವ ಲೇಸರ್ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಕಲೆ ಮಾಡುತ್ತದೆ. ಓದುವ ಲೇಸರ್ ಕಲೆ ಇರುವಲ್ಲಿ ಕಡಿಮೆ, ಇಲ್ಲದಲ್ಲಿ ಹೆಚ್ಚು ಬೆಳಕು ಮರಳುವುದನ್ನು ಗಮನಿಸುತ್ತದೆ. ಸಿಡಿಯ ಲೇಸರ್ 780 ನ್ಯಾನೊಮೀಟರ್ ತರಂಗಾಂತರದ್ದು, ಡಿವಿಡಿಯದು 650, ಬ್ಲೂರೇಯದು 405. ತರಂಗ ಚಿಕ್ಕದಾದಷ್ಟೂ ಕಲೆ ಚಿಕ್ಕದಾಗಬಹುದು, ಸುತ್ತುಗಳು ಒತ್ತೊತ್ತಾಗಿ ಬರಬಹುದು. ಹಾಗಾಗಿ ಒಂದೇ ಅಳತೆಯ ತಟ್ಟೆಯಲ್ಲಿ ಸಿಡಿಗೆ 700 ಎಂಬಿ, ಡಿವಿಡಿಗೆ 4.7 ಜಿಬಿ, ಬ್ಲೂರೇಗೆ 25 ಜಿಬಿ ಹಿಡಿಸುತ್ತದೆ.

ಸಿಡಿಯ ಹೊಳೆಯುವ ಕೆಳಮೈಯನ್ನು ಜೋಪಾನ ಮಾಡಿ, ಹೆಸರು ಬರೆಯುವ ಮೇಲ್ಮೈಯನ್ನು ಮೇಜಿನ ಮೇಲೆ ಉಜ್ಜುವವರು ಬಹಳ. ನಿಜವಾಗಿ ಮೇಲ್ಮೈಯೇ ಹೆಚ್ಚು ಮೃದು. ಮಾಹಿತಿಯ ಪದರ ಅದರ ಕೆಳಗೇ, ತೆಳು ಲೇಪದಡಿ ಇರುತ್ತದೆ. ಕೆಳಮೈಯಿಂದಾದರೆ ಒಂದು ಮಿಲಿಮೀಟರಿಗೂ ಹೆಚ್ಚು ಪ್ಲಾಸ್ಟಿಕ್ ಅಡ್ಡ ಇದೆ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಲೋಹದ ಪದರವೇ ಹರಿಯಬಹುದು. ಡಿವಿಡಿಯಲ್ಲಿ ಆ ಪದರ ಎರಡು 0.6 ಮಿಲಿಮೀಟರ್ ತಟ್ಟೆಗಳ ನಡುವೆ ಕೂತಿರುವುದರಿಂದ ಅಷ್ಟು ಭಯವಿಲ್ಲ. ಬಣ್ಣದ ಪದರಕ್ಕೆ ಬಿಸಿಲು ದೊಡ್ಡ ಶತ್ರು, ತೇವ ಇನ್ನೊಂದು. ಬೆಂಗಳೂರಿನ ಹವೆ ಸೌಮ್ಯ ಎನ್ನುವುದು ಹಳೆಯ ಮಾತು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಶೀಟಿನ ಮಾಡಿನ ಕೆಳಗಿನ ಅಟ್ಟದಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ತೇವ ಮತ್ತು ಸೆಕೆ ಸೇರಿದರೆ ಏನಾಗಬಹುದು ಎಂಬುದಕ್ಕೆ ಮಧ್ಯ ಅಮೆರಿಕದ ಬೆಲೀಜ್ ದೇಶದಿಂದ ಬಂದ ಒಂದು ಸಿಡಿ ಸಾಕ್ಷಿ. ಅದರ ಲೋಹ ಮತ್ತು ಪ್ಲಾಸ್ಟಿಕ್ಕನ್ನು ಒಂದು ಬಗೆಯ ಶಿಲೀಂಧ್ರ ತಿನ್ನುತ್ತಿದ್ದುದನ್ನು 2001ರಲ್ಲಿ ಸ್ಪೇನಿನ ವಿಜ್ಞಾನಿಗಳು ಗುರುತಿಸಿದರು. ಹಾಗಾಗಿ ಡಿಸ್ಕ್‌ಗಳ ಡಬ್ಬಿ ಅಟ್ಟಕ್ಕೂ ಹೋಗಬಾರದು, ಅಡುಗೆಮನೆಯ ಗೋಡೆಯಾಚೆಯ ಬೀರುವಿಗೂ ಹೋಗಬಾರದು. ನಡುಮನೆಯ ಬೀರುವಿನ ಮಧ್ಯದ ಅರೆ ಸಾಕು.

ಗೀರು ಬಿದ್ದ ಡಿಸ್ಕ್ ಕೂಡ ಎಷ್ಟೋ ಸಲ ಓದಿಸಿಕೊಳ್ಳುತ್ತದೆ. ಅದರ ಹಿಂದಿರುವುದು 1960ರಲ್ಲಿ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಕಂಡುಹಿಡಿದ ಗಣಿತ. ಅದರ ತಿರುಳನ್ನು ಗ್ರಾಫ್ ಹಾಳೆಯಲ್ಲೇ ಮಾಡಿ ನೋಡಬಹುದು. ಉಳಿಸಬೇಕಾದ ಎರಡು ಸಂಖ್ಯೆಗಳನ್ನು ಎರಡು ಚುಕ್ಕಿಗಳಾಗಿ ಗುರುತಿಸಿ, ಅವುಗಳ ಮೂಲಕ ಒಂದು ಸರಳರೇಖೆ ಎಳೆಯಿರಿ. ಅದೇ ರೇಖೆಯ ಮೇಲೆ ಇನ್ನೂ ಎರಡು ಚುಕ್ಕಿ ಇಡಿ. ಈಗ ನಾಲ್ಕು ಚುಕ್ಕಿಗಳಲ್ಲಿ ಯಾವ ಎರಡು ಅಳಿಸಿಹೋದರೂ ಉಳಿದೆರಡರಿಂದ ರೇಖೆಯನ್ನು ಮತ್ತೆ ಎಳೆಯಬಹುದು, ಅಳಿಸಿಹೋದ ಸಂಖ್ಯೆಗಳನ್ನು ಓದಬಹುದು. ಡಿಸ್ಕ್ ಬರೆಯುವಾಗ ಡ್ರೈವ್ ಇಂಥ ಹೆಚ್ಚುವರಿ ಚುಕ್ಕಿಗಳನ್ನು ಸೇರಿಸುತ್ತ, ಅವುಗಳನ್ನು ದೂರದೂರಕ್ಕೆ ಚದುರಿಸುತ್ತ ಹೋಗುತ್ತದೆ. ಒಂದು ಗೀರು ಅಕ್ಕಪಕ್ಕದ ಸಾವಿರಾರು ಬಿಟ್‌ಗಳನ್ನು ಅಳಿಸಿದರೂ ಅದು ಬೇರೆ ಬೇರೆ ರೇಖೆಗಳ ಒಂದೊಂದು ಚುಕ್ಕಿಯನ್ನು ಮಾತ್ರ ಅಳಿಸಿದಂತಾಗುತ್ತದೆ.

ಈ ಗಣಿತಕ್ಕೆ ನಾನು ಮನಸೋತವನು. ಆದರೆ ಅದು ತರುವ ಒಂದು ಅಪಾಯವನ್ನೂ ಹೇಳಬೇಕು. ನಾಲ್ಕರಲ್ಲಿ ಎರಡು ಚುಕ್ಕಿ ಹೋಗುವ ತನಕ ಡಿಸ್ಕ್ ಹೊಸದರಂತೆಯೇ ಓದಿಸಿಕೊಳ್ಳುತ್ತದೆ. ಮೂರನೆಯದು ಹೋದ ದಿನ ಪೂರ್ತಿ ಮೂಕವಾಗುತ್ತದೆ. ಕಾಗದದ ಲೆಕ್ಕಪುಸ್ತಕ ಹಳದಿಯಾಗಿ, ಅಂಚು ಪುಡಿಯಾಗಿ ಮುನ್ಸೂಚನೆ ಕೊಡುತ್ತದೆ. ಡಿಜಿಟಲ್ ಡಿಸ್ಕ್ ಕೊಡುವುದಿಲ್ಲ. ಆದ್ದರಿಂದ ಇವತ್ತು ತೆರೆದುಕೊಂಡಿತು ಎಂಬ ಧೈರ್ಯದಲ್ಲಿ ಹತ್ತು ವರ್ಷ ಬಿಡಬಾರದು. ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ದಾಟಿಸುವುದು ಒಳ್ಳೆಯದು. ಬಣ್ಣದ ಬದಲು ಅಜೈವಿಕ ಪದರ ಬಳಸುವ ಎಂ-ಡಿಸ್ಕ್‌ನಂಥವು ಹೆಚ್ಚು ಬಾಳುತ್ತವೆ. ಇನ್ನೂ ಮುಂದೆ ಹೋದವರೂ ಇದ್ದಾರೆ. ಉಡುಪಿಯ ಪಲಿಮಾರು ಮಠದಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥದ ತಾಳೆಗರಿಗಳು ಕಪ್ಪಾಗಿ, ಮುರಿಯುವ ಸ್ಥಿತಿಗೆ ಬಂದಿದ್ದವು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರ ತಂಡ ಅವುಗಳ ಡಿಜಿಟಲ್ ಚಿತ್ರ ತೆಗೆದು, ಅಕ್ಷರಗಳನ್ನು ಸ್ಪಷ್ಟಗೊಳಿಸಿ, ಸಿಲಿಕಾನ್ ಬಿಲ್ಲೆಗಳ ಮೇಲೆ ಕೊರೆಯುವ ವಿಧಾನ ರೂಪಿಸಿತು. ಆ ಬಿಲ್ಲೆಯನ್ನು ಓದಲು ಕಂಪ್ಯೂಟರ್ ಬೇಡ, ದೊಡ್ಡದು ಮಾಡಿ ತೋರಿಸುವ ಮಸೂರ ಸಾಕು.

ಈಗ ಮಳಿಗೆಗೆ ವಾಪಸ್ ಬರೋಣ. ಲೆಕ್ಕದ ಮಾಹಿತಿ ಒಟ್ಟು 500 ಎಂಬಿ, ವಿನ್ಯಾಸ ಮತ್ತು ಫೋಟೊ 300 ಜಿಬಿ ಎಂದುಕೊಳ್ಳಿ. 300 ಜಿಬಿಯನ್ನು ಡಿವಿಡಿಗೆ ಬರೆಯಹೊರಟರೆ 64 ಡಿಸ್ಕ್ ಬೇಕು; ಎರಡನೆಯ ತಿಂಗಳಿಗೇ ಬೇಸತ್ತು ಬಿಡುತ್ತಾರೆ. ಹಳೆಯ ಯುಎಸ್‌ಬಿ 2.0 ಕಿಂಡಿಯಲ್ಲಿ ಹಾರ್ಡ್ ಡಿಸ್ಕಿಗೆ ಹಾಕಿದರೆ ಸೆಕೆಂಡಿಗೆ ಸುಮಾರು 32 ಎಂಬಿಯಂತೆ ಎರಡೂವರೆ ಗಂಟೆ ದಾಟುತ್ತದೆ, 3.0 ಕಿಂಡಿಯಲ್ಲಾದರೆ ಮುಕ್ಕಾಲು ಗಂಟೆ. ದಿನವೂ ಅಷ್ಟನ್ನೂ ನಕಲು ಮಾಡುವ ಅಗತ್ಯವಿಲ್ಲ. ಭಾನುವಾರ ಪೂರ್ತಿ ಪ್ರತಿ, ಉಳಿದ ದಿನ ಬದಲಾದದ್ದು ಮಾತ್ರ. ಇದರಲ್ಲಿ ಎರಡು ದಾರಿಗಳಿವೆ. ದಿನಕ್ಕೆ ಒಂದು ಜಿಬಿ ಹೊಸದಾಗಿ ಸೇರುತ್ತದೆ ಎಂದರೆ, ನಿನ್ನೆಯಿಂದ ಈಚೆಗೆ ಬದಲಾದದ್ದನ್ನಷ್ಟೇ ಎತ್ತಿಕೊಂಡಾಗ ಶನಿವಾರದ ಹೊತ್ತಿಗೆ ಆರು ಜಿಬಿ ಆಗುತ್ತದೆ. ಆದರೆ ವಾಪಸ್ ಕೂಡಿಸುವಾಗ ಭಾನುವಾರದ್ದು ಸೇರಿ ಏಳು ತುಣುಕುಗಳೂ ಸರಿಯಾಗಿರಬೇಕು, ಒಂದು ಕೆಟ್ಟರೂ ಸರಪಣಿ ಹರಿಯುತ್ತದೆ. ಭಾನುವಾರದಿಂದ ಈಚೆಗೆ ಬದಲಾದದ್ದೆಲ್ಲವನ್ನೂ ದಿನವೂ ಎತ್ತಿಕೊಂಡರೆ ಒಂದು, ಎರಡು, ಮೂರು ಎಂದು ಬೆಳೆದು ವಾರಕ್ಕೆ 21 ಜಿಬಿ ಹಿಡಿಯುತ್ತದೆ. ಆದರೆ ವಾಪಸ್ ತೆಗೆಯಲು ಎರಡೇ ತುಣುಕು ಸಾಕು. ಡಿಸ್ಕಿನ ಜಾಗ ಈಗ ಅಗ್ಗ, ಗಾಬರಿಯ ಹೊತ್ತಿನಲ್ಲಿ ತಲೆ ಓಡುವುದು ಕಷ್ಟ. ಸಣ್ಣ ಮಳಿಗೆಗೆ ಎರಡನೆಯ ದಾರಿಯೇ ಸರಿ.

ಡಿಸ್ಕ್‌ಗಳನ್ನು ಸರದಿಯಲ್ಲಿ ತಿರುಗಿಸುವ ಒಂದು ಪದ್ಧತಿ ಕಂಪ್ಯೂಟರ್ ಕೇಂದ್ರಗಳಲ್ಲಿ ಮ್ಯಾಗ್ನೆಟಿಕ್ ಟೇಪಿನ ಕಾಲದಿಂದ ಬಂದಿದೆ, ಅದಕ್ಕೆ ಅಜ್ಜ-ಅಪ್ಪ-ಮಗ ಎಂದೇ ಹೆಸರು. ದಿನದ ಪ್ರತಿ ಮಗ, ವಾರದ್ದು ಅಪ್ಪ, ತಿಂಗಳಿನದು ಅಜ್ಜ. ಮಗನ ಮೇಲೆ ಮತ್ತೆ ಮತ್ತೆ ಬರೆಯಬಹುದು, ಅಜ್ಜನನ್ನು ಮುಟ್ಟುವಂತಿಲ್ಲ. ಹಿಂದಿನ ಪ್ರತಿಗಳನ್ನು ಹೀಗೆ ಉಳಿಸಿಕೊಳ್ಳುವುದು ಬಹಳ ಮುಖ್ಯ. ಎರಡು ವಾರದ ಹಿಂದೆ ಯಾರೋ ತಪ್ಪಿ ಒಂದು ಫೋಲ್ಡರ್ ಅಳಿಸಿದ್ದು ಇವತ್ತು ಗೊತ್ತಾದರೆ, ನಿನ್ನೆಯ ಪ್ರತಿಯಲ್ಲೂ ಆ ಫೋಲ್ಡರ್ ಇರುವುದಿಲ್ಲ. ತಾನಾಗಿಯೇ ಹೊಂದಿಸಿಕೊಳ್ಳುವ ಕ್ಲೌಡ್ ಫೋಲ್ಡರನ್ನೇ ಬ್ಯಾಕಪ್ ಎಂದು ನಂಬಿದವರು ಇಲ್ಲೇ ಎಡವುತ್ತಾರೆ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿಹೋಗುತ್ತದೆ. ಅಲ್ಲಿಯ ಕಸದ ಬುಟ್ಟಿ ಕೆಲವು ದಿನ ಕಾಯಬಹುದು, ವರ್ಷಗಟ್ಟಲೆ ಕಾಯುವುದಿಲ್ಲ.

ನನ್ನ ಸಲಹೆ ಹೀಗಿದೆ. ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ಕಂಪನಿಯವು ಕೊಳ್ಳಿ. ಒಂದಕ್ಕೆ ಹಳದಿ, ಇನ್ನೊಂದಕ್ಕೆ ಕೆಂಪು ಸ್ಟಿಕ್ಕರ್ ಅಂಟಿಸಿ. ಹಳದಿ ಮಳಿಗೆಯಲ್ಲಿರುವ ವಾರ ಕೆಂಪು ಮನೆಯ ಬೀರುವಿನಲ್ಲಿರಲಿ. ಶನಿವಾರ ಶಟರ್ ಎಳೆಯುವ ಮುಂಚೆ ಮಳಿಗೆಯ ಡಿಸ್ಕ್ ಮನೆಗೆ ಹೊರಡಲಿ. ಭಾನುವಾರ ಯಾರಾದರೂ ವಾರವಿಡೀ ಮನೆಯಲ್ಲಿದ್ದ ಡಿಸ್ಕನ್ನು ಮಳಿಗೆಗೆ ಒಯ್ದು ಅದಕ್ಕೆ ಪೂರ್ತಿ ಪ್ರತಿ ತೆಗೆಯಲಿ. ಆಗದಿದ್ದರೆ ಸೋಮವಾರ ಬೆಳಿಗ್ಗೆ ಮೊದಲ ಕೆಲಸ ಅದೇ. ಪ್ರತಿ ಸಂಜೆ ಟ್ಯಾಲಿ ಮತ್ತು ಇತರ ತಂತ್ರಾಂಶಗಳನ್ನು ಮುಚ್ಚಿ, ಆಮೇಲೆ ಬ್ಯಾಕಪ್ ನಡೆಸಿ, ಏಕೆಂದರೆ ತೆರೆದಿರುವ ಕಡತದ ಪ್ರತಿ ಅರ್ಧಂಬರ್ಧ ಬರೆದದ್ದಾಗಬಹುದು. ಆ ಹೊತ್ತಿಗೆ ಕರೆಂಟ್ ಹೋದರೂ ಕೆಡದಂತೆ ಕಂಪ್ಯೂಟರ್ ಯುಪಿಎಸ್ ಮೇಲಿರಲಿ. ತಿಂಗಳ 21ರಂದು, ತೆರಿಗೆಯ ರಿಟರ್ನ್ ಸಲ್ಲಿಸಿದ ಮಾರನೆಯ ದಿನ, ಲೆಕ್ಕದ 500 ಎಂಬಿಯನ್ನು ಒಮ್ಮೆ ಮಾತ್ರ ಬರೆಯುವ ಡಿವಿಡಿಗೆ ಹಾಕಿ. ಅದೇ ಅಜ್ಜ. ಆರ್ಥಿಕ ವರ್ಷ ಮುಗಿದ ಮೇಲೆ ಲೆಕ್ಕ ಮತ್ತು ಆ ವರ್ಷದ ಫೋಟೊಗಳನ್ನು ಬ್ಲೂರೇ ಡಿಸ್ಕ್‌ಗಳಿಗೆ ಎರಡು ಜೊತೆ ಬರೆದು, ಒಂದು ಜೊತೆಯನ್ನು ಊರಿಗೆ ಕಳುಹಿಸಿ. ಬೆಂಗಳೂರಿನ ಹೆಚ್ಚಿನ ಕುಟುಂಬಗಳಿಗೆ ತುಮಕೂರು, ಹಾಸನ, ಮಂಡ್ಯ ಎಂದು ಒಂದು ಊರು ಇದ್ದೇ ಇರುತ್ತದೆ. ಗೌರಿ ಹಬ್ಬಕ್ಕೋ ಯುಗಾದಿಗೋ ಹೋಗುವಾಗ ಚೀಲದಲ್ಲಿ ಒಂದು ಡಬ್ಬಿ ಭಾರವಲ್ಲ. ನೂರು ಕಿಲೋಮೀಟರ್ ಆಚೆಯ ಅಜ್ಜಿ ಮನೆಯ ಬೀರುವಿಗೆ ಹುಳಿಮಾವಿನ ನೀರು ತಲುಪದು.

ಬೇರೆಯವರ ಲೆಕ್ಕವಿರುವ ಡಿಸ್ಕ್ ಹೀಗೆ ಬಸ್ಸಿನಲ್ಲಿ ಓಡಾಡುವಾಗ ಅದಕ್ಕೆ ಗೂಢಲಿಪಿಯ ಬೀಗ ಹಾಕಿರಬೇಕು. ಅದರ ಪಾಸ್‌ವರ್ಡ್ ಕಾಗದದ ಮೇಲೆ, ಮನೆಯ ಒಡವೆ ಇಡುವ ಜಾಗದಲ್ಲಿ, ಕನಿಷ್ಠ ಇಬ್ಬರಿಗೆ ಗೊತ್ತಿರುವಂತೆ ಇರಲಿ. ಪಾಸ್‌ವರ್ಡ್ ಬಲ್ಲ ಒಬ್ಬರೇ ಆಸ್ಪತ್ರೆ ಸೇರಿದಾಗ ಒಳ್ಳೆಯ ಬ್ಯಾಕಪ್ ಕೂಡ ಬೀಗದ ಕೈ ಕಳೆದ ಪೆಟ್ಟಿಗೆಯಾಗುತ್ತದೆ.

ಈ ಇಡೀ ಯೋಜನೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬಯಸುವುದು ಕಳಚಿಡುವುದನ್ನು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಕೆಲವೇ ದಿನಗಳಲ್ಲಿ ನೂರಕ್ಕೂ ಹೆಚ್ಚು ದೇಶಗಳ ಲಕ್ಷಾಂತರ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಥ ತಂತ್ರಾಂಶಗಳು ಕಂಪ್ಯೂಟರಿನ ಒಳಗಿನ ಡಿಸ್ಕನ್ನು ಮಾತ್ರ ಹುಡುಕುವುದಿಲ್ಲ. ಆ ಗಳಿಗೆಯಲ್ಲಿ ಯುಎಸ್‌ಬಿಗೆ ಸಿಕ್ಕಿಸಿರುವ ಪ್ರತಿಯೊಂದು ಡಿಸ್ಕಿಗೂ, ನೆಟ್‌ವರ್ಕಿನಲ್ಲಿ ಕಾಣುವ ಫೋಲ್ಡರಿಗೂ ಕೈ ಹಾಕುತ್ತವೆ. ಸದಾ ಸಿಕ್ಕಿಸಿಯೇ ಇಟ್ಟ ಬ್ಯಾಕಪ್ ಡಿಸ್ಕ್ ಮೂಲದ ಜೊತೆಗೇ ಹೋಗುತ್ತದೆ. ಸಿಡಿಲಿಗೂ ಅದೇ ದಾರಿ, ತಪ್ಪಿ ಒತ್ತಿದ ಡಿಲೀಟ್‌ಗೂ ಅದೇ ದಾರಿ. ತಂತಿ ಕಳಚಿ ಬೀರುವಿನಲ್ಲಿಟ್ಟ ಡಿಸ್ಕಿಗೆ ಯಾವ ದಾರಿಯೂ ಇಲ್ಲ.

ಉಳಿದದ್ದು ಪರೀಕ್ಷೆ. ಟಾಯ್ ಸ್ಟೋರಿ 2 ಚಿತ್ರ ತಯಾರಾಗುತ್ತಿದ್ದಾಗ, 1998ರಲ್ಲಿ, ಪಿಕ್ಸಾರ್ ಸ್ಟುಡಿಯೊದಲ್ಲಿ ತಪ್ಪಾಗಿ ಓಡಿದ ಒಂದು ಆದೇಶ ಚಿತ್ರದ ಹೆಚ್ಚಿನ ಕಡತಗಳನ್ನು ಅಳಿಸಿಬಿಟ್ಟಿತು. ಬ್ಯಾಕಪ್ ಇದೆಯಲ್ಲ ಎಂದು ತೆರೆದರೆ ಅದು ಬಹಳ ದಿನದಿಂದ ಸರಿಯಾಗಿ ಆಗುತ್ತಲೇ ಇರಲಿಲ್ಲ. ಕೊನೆಗೆ ಚಿತ್ರವನ್ನು ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಎಂಬ ತಾಂತ್ರಿಕ ನಿರ್ದೇಶಕಿಯ ಮನೆಯ ಕಂಪ್ಯೂಟರ್. ಹೆರಿಗೆಯ ನಂತರ ಮನೆಯಿಂದ ಕೆಲಸ ಮಾಡಲೆಂದು ಅವರು ಒಂದು ಪ್ರತಿಯನ್ನು ಅಲ್ಲಿ ಇಟ್ಟುಕೊಂಡಿದ್ದರು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ನಿಧಾನವಾಗಿ ಸ್ಟುಡಿಯೊಗೆ ತಂದರು. ದೊಡ್ಡ ಸ್ಟುಡಿಯೊದಲ್ಲೂ ತೆರೆದು ನೋಡುವ ವಾಡಿಕೆ ಇಲ್ಲದಿದ್ದರೆ ಹೀಗಾಗುತ್ತದೆ.

ತೆರೆದು ನೋಡುವುದಕ್ಕೆ ನೆರವಾಗುವ ಒಂದು ಸಾಧನ ಹ್ಯಾಶ್. ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರ ಎಷ್ಟೇ ದೊಡ್ಡ ಕಡತವನ್ನಾದರೂ 64 ಅಂಕಾಕ್ಷರಗಳ ಒಂದು ಗುರುತಾಗಿ ಇಳಿಸುತ್ತದೆ. ಕಡತದ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಡಿಸ್ಕ್ ಬರೆದ ದಿನ ಕಡತಗಳ ಗುರುತುಗಳನ್ನು ಒಂದು ಪಟ್ಟಿ ಮಾಡಿ ಅದೇ ಡಿಸ್ಕಿನಲ್ಲಿಡಿ. ವರ್ಷದ ನಂತರ ಮತ್ತೆ ಲೆಕ್ಕ ಹಾಕಿ ಹೋಲಿಸಿದರೆ ಸದ್ದಿಲ್ಲದೆ ಕೆಟ್ಟ ಕಡತ ಸಿಕ್ಕಿಬೀಳುತ್ತದೆ. ಇದಕ್ಕೆ ಬೇಕಾದ ಆದೇಶ ವಿಂಡೋಸ್, ಲಿನಕ್ಸ್ ಎರಡರಲ್ಲೂ ಮೊದಲೇ ಇದೆ.

ಬಿಟ್‌ಗಳು ಸರಿಯಾಗಿದ್ದರೂ ಕಡತ ಓದಲಾಗದೆ ಹೋಗಬಹುದು, ಕನ್ನಡದವರಿಗೆ ಇದು ಚೆನ್ನಾಗಿ ಗೊತ್ತು. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಅಕ್ಷರಮಾದರಿಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕೂರಿಸಲಾಗಿತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲುಗಳು ಬರುತ್ತವೆ. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸಂಕೇತಗಳಿವೆ, ಅದರಲ್ಲಿ ಬರೆದದ್ದು ಎಲ್ಲಿ ತೆರೆದರೂ ಕನ್ನಡವೇ. ಮಳಿಗೆಯ ಹಳೆಯ ಸ್ಮರಣ ಸಂಚಿಕೆಗಳನ್ನು ಡಿಸ್ಕಿಗೆ ಹಾಕುವಾಗ ಮೂಲ ಕಡತದ ಜೊತೆ ಅದರ ಫಾಂಟ್, ಒಂದು ಪಿಡಿಎಫ್, ಯೂನಿಕೋಡ್‌ಗೆ ಪರಿವರ್ತಿಸಿದ ಪಠ್ಯ ಇಷ್ಟನ್ನೂ ಸೇರಿಸಬೇಕು. ಒಂದು ಶಾಲೆಯ ಇಪ್ಪತ್ತೈದು ವರ್ಷಗಳ ನೆನಪು ಅಷ್ಟು ಶ್ರಮಕ್ಕೆ ಅರ್ಹ.

ಆಯುಧಪೂಜೆಯ ದಿನ ನಮ್ಮ ಮಳಿಗೆಗಳಲ್ಲಿ ಕಂಪ್ಯೂಟರ್ ಒರೆಸಿ, ಕುಂಕುಮ ಇಟ್ಟು, ಹೂವು ಮುಡಿಸುತ್ತಾರೆ. ಆ ದಿನ ಮೂಟೆಗಟ್ಟಲೆ ಕೆಲಸವಿರುವುದಿಲ್ಲ. ಪೂಜೆಗೆ ಮುಂಚೆ ಹಳದಿ, ಕೆಂಪು ಎರಡೂ ಡಿಸ್ಕ್‌ಗಳನ್ನು, ಹಿಂದಿನ ವರ್ಷದ ಡಿವಿಡಿಗಳನ್ನು ಹೊರತೆಗೆಯಿರಿ. ಬೇರೆ ಕಂಪ್ಯೂಟರಿಗೆ ಒಬ್ಬ ವರ್ತಕರ ಲೆಕ್ಕವನ್ನು ರೀಸ್ಟೋರ್ ಮಾಡಿ, ಕೊನೆಯ ವೋಚರ್ ಇದೆಯೇ ನೋಡಿ. ಒಂದು ಮದುವೆಯ ನಾಲ್ಕು ಫೋಟೊ ತೆರೆಯಿರಿ. ತೆರೆದುಕೊಂಡಿತೇ ಇಲ್ಲವೇ, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆದರೆ ಮೊದಲ ಪರೀಕ್ಷೆಗೆ ದಸರೆಯವರೆಗೆ ಕಾಯಬೇಡಿ. ಈ ಶನಿವಾರವೇ ಒಂದು ಕಡತವನ್ನು ನಿಮ್ಮ ಬ್ಯಾಕಪ್ ಡಿಸ್ಕಿನಿಂದ ವಾಪಸ್ ತೆಗೆದು ನೋಡಿ, ಆಮೇಲೆ ಆ ಡಿಸ್ಕನ್ನು ಕಳಚಿ ಮನೆಗೆ ಕೊಂಡೊಯ್ಯಿರಿ.